ದಾಸವಾಳಕ್ಕೆ ಮೂರು ಅಂಕಿ

ಬೈತಖೋಲದ ಹೈಸ್ಕೂಲಿಗೆ ಹತ್ತು ಟ್ಯಾಬ್ಲೆಟ್ ಬಂದವು,
ನಲವತ್ತೊಂದು ಮಕ್ಕಳಿಗೆ. ಒಂದು ಪ್ರೊಜೆಕ್ಟರ್.
ಪರದೆ ಬರಲಿಲ್ಲ; ನಾನೇ ಮನೆಯಿಂದ ಬಿಳಿ ಲುಂಗಿ ತಂದೆ.
ನಿವೃತ್ತಿಗೆ ಎರಡು ವರ್ಷ ಉಳಿದ ಡ್ರಾಯಿಂಗ್ ಮಾಸ್ತರನಿಗೆ
ಕುಮಟೆಯಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದರು.
ಊಟ ಚೆನ್ನಾಗಿತ್ತು. ಕಲಿತದ್ದು ಒಂದೇ:
ಬಣ್ಣ ಹೀರುವ ಕೊಳವೆ.

ಚಿತ್ರದ ಮೇಲೆ ಬೆರಳಿಟ್ಟರೆ ಸಾಕು,
ಆ ಚುಕ್ಕೆಯಲ್ಲಿ ಕೆಂಪೆಷ್ಟು ಹಸಿರೆಷ್ಟು ನೀಲಿಯೆಷ್ಟು
ಮೂರು ಅಂಕಿಯಲ್ಲಿ ಒಪ್ಪಿಸುತ್ತದೆ,
ಕಿರಾಣಿ ಅಂಗಡಿಯ ಚೀಟಿಯ ಹಾಗೆ.

ಕಂಪೌಂಡಿನ ದಾಸವಾಳದ ಫೋಟೋ ತೆಗೆಸಿದೆ.
ಹೂವಿನ ಬಣ್ಣ ಹೀರಿ ಹೂವಿಗೆ ತುಂಬಿ,
ಎಲೆಯದು ಎಲೆಗೆ, ಎಂದೆ.
ಎಲ್ಲರಿಗಿಂತ ಮೊದಲು ಮುಗಿಸಿದವನು
ಪ್ರಥಮೇಶ ತಾಂಡೇಲ,
ಎರಡು ವರ್ಷದಿಂದ ನನ್ನ ಕೈಯಲ್ಲಿ
ಸಿ ಗ್ರೇಡು ಬಿಟ್ಟು ಬೇರೆ ಕಾಣದವನು.

ಬೆನ್ನ ಹಿಂದೆ ಹೋಗಿ ನಿಂತೆ.
ಹುಡುಗ ಹೂವನ್ನು ನೋಡುತ್ತಲೇ ಇಲ್ಲ.
ಅಂಕಿ ನೋಡುತ್ತಿದ್ದಾನೆ.
"ಇನ್ನೂರಾ ಒಂದು, ಇಪ್ಪತ್ನಾಲ್ಕು, ಮೂವತ್ತೆಂಟು.
ಮೊದಲಿಂದು ದೊಡ್ಡದಿದ್ರೆ ಕೆಂಪು ಸರ್,
ನಡುವಿಂದು ದೊಡ್ಡದಿದ್ರೆ ಹಸಿರು."
ಹೇಳಿ ನಕ್ಕ,
ಕಠಿಣ ಲೆಕ್ಕಕ್ಕೆ ಅಡ್ಡದಾರಿ ಸಿಕ್ಕವನ ಹಾಗೆ.

ಅವನ ಕಂಪಾಸು ಪೆಟ್ಟಿಗೆ ತೆರೆಸಿದೆ.
ಮೋಟು ಪೆನ್ಸಿಲುಗಳ ತುದಿಯಲ್ಲಿ ಬ್ಲೇಡಿನ ಗೀರು:
ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದಿಗೆ ಮೂರು.
ಅಕ್ಕ ಹಾಕಿಕೊಟ್ಟದ್ದಂತೆ.
ಅಕ್ಕ ಮದುವೆಯಾಗಿ ಮಾಜಾಳಿಗೆ ಹೋದಳು.
ಹೊಸ ಪೆನ್ಸಿಲುಗಳಿಗೆ ಗೀರಿಲ್ಲ.

"ನಮ್ಮ ಮಾಮಾಗೂ ಹಿಂಗೇ ಸರ್.
ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು,
ಅವರಿಗೆ ಎರಡೂ ಒಂದೇ.
ರಾತ್ರಿ ಬೋಟು ನಡೆಸೂಕೆ ಯಾರೂ ಕೊಡೂದಿಲ್ಲ.
ಬರ್ಫದ ಫ್ಯಾಕ್ಟರಿಯಲ್ಲಿದ್ದಾರೆ."
"ಹೆಸರು?"
"ಪುಂಡಲೀಕ ದುರ್ಗೇಕರ. ನಿಮ್ಮ ಹತ್ರನೇ ಕಲ್ತಿದ್ದಂತೆ."

ಕಿಟಕಿಯಾಚೆ ಒಂದು ಟ್ರಾಲರು ಕೆಮ್ಮಿತು.

ತೊಂಬತ್ತಾರು. ಇದೇ ಕೋಣೆ, ಆಗ ಹೆಂಚಿನ ಮಾಡು.
ಪುಂಡಲೀಕ ಹಸಿರು ದಾಸವಾಳ ಬರೆದಿದ್ದ,
ಎಲೆಗೆಲ್ಲ ಕಂದು.
"ಕಣ್ಣಿಲ್ವೇನೋ ನಿಂಗೆ?"
ಮರದ ಸ್ಕೇಲು, ಗೆಣ್ಣಿನ ಮೇಲೆ, ಎರಡು ಸಲ.
ಹಾಳೆಯನ್ನು ಎತ್ತಿ ಇಡೀ ವರ್ಗಕ್ಕೆ ತೋರಿಸಿದ್ದೆ.
ನಕ್ಕಿದ್ದರು. ನಾನೂ.
ಆ ಹೂವಿನ ಗೆರೆ ಮಾತ್ರ, ಈಗ ನೆನೆದರೆ,
ಒಂದೇ ಉಸಿರಿನಲ್ಲಿ ಎಳೆದದ್ದು,
ನನಗೆ ಇಂದಿಗೂ ಬಾರದ್ದು.

ಪಾಠಯೋಜನೆಯಲ್ಲಿ ಇಲ್ಲದ್ದು ಮಾಡಿದೆ.
ಲುಂಗಿಯ ಮೇಲೆ ಅರಳಿದ್ದ ದಾಸವಾಳದಿಂದ
ಬಣ್ಣವನ್ನೆಲ್ಲ ಇಳಿಸಿಬಿಟ್ಟೆ.
ಹೂವು ಎಲೆಯೊಳಗೆ ಮುಳುಗಿತು. ಒಂದೇ ಬೂದಿ.
ನಲವತ್ತು ಮಕ್ಕಳು ಸುಮ್ಮನಾದರು.
ಪ್ರಥಮೇಶ ಕೈ ಎತ್ತಿದ:
"ಇಷ್ಟೊಂದು ಖಾಲಿ ಇಲ್ಲ ಸರ್ ನಂಗೆ.
ಸಮುದ್ರ ನೀಲಿಯೇ. ಅಶ್ವಿತಾಳ ರಿಬ್ಬನ್ನು ಹಳದಿಯೇ."
ತಿದ್ದಿಸಿಕೊಂಡೆ.

ಆಮೇಲೆ ಗಂಟೆ ಹೊಡೆಯುವವರೆಗೆ
ಬಣ್ಣವಿಲ್ಲದೆ ಎಡಬಲ ಹೇಳುವ ದೀಪ ಬರೆದರು.
ಒಬ್ಬಳದು ಎಡಕ್ಕೆ ಬಂಗಡೆ, ಬಲಕ್ಕೆ ಏಡಿ.
ಒಬ್ಬನದು ಮಿಣುಕುವುದೊಂದು, ಮಿಣುಕದ್ದೊಂದು.
ನಡುವೆ ಕರೆಂಟು ಹೋಯಿತು. ಲುಂಗಿ ಮತ್ತೆ ಲುಂಗಿಯಾಯಿತು.
ಟ್ಯಾಬ್ಲೆಟ್ಟಿಗೆ ಮುಖ ಹಚ್ಚಿ ಬರೆಯುತ್ತಲೇ ಇದ್ದರು.

ಸಂಜೆ ಜೆಟ್ಟಿಗೆ ಹೋದೆ.
ಪುಂಡಲೀಕ ಕೊಕ್ಕೆ ಹಾಕಿ ಬರ್ಫದ ದಿಮ್ಮಿ ಎಳೆಯುತ್ತಿದ್ದ.
ಮೊದಲು ಅವನ ಗೆಣ್ಣು ನೋಡಿದೆ.
"ಏನ್ ಮಾಸ್ತರ್, ಇತ್ಲಾಗೆ?"
"ಎರಡು ಕಿಲೋ ಬರ್ಫ ಬೇಕಿತ್ತು," ಅಂದೆ.
ಮೀನೆಲ್ಲಿ ಎಂದು ಅವನು ಕೇಳಲಿಲ್ಲ.
ದುಡ್ಡೂ ಮುಟ್ಟಲಿಲ್ಲ.

ಸ್ಕೂಟರಿನ ಕೊಕ್ಕೆಗೆ ನೇತುಹಾಕಿದ ಚೀಲ
ಕೋಡಿಬಾಗದವರೆಗೂ ತೊಟ್ಟಿಕ್ಕಿತು.
ನಾಳೆ ಮತ್ತೆ ಹೋಗಬೇಕು.
ಈ ಸಲ ಮೀನು ಕೊಂಡು.