ಮುಲಾಮು

ನೆಹರೂ ರಸ್ತೆಯ ಬ್ಯಾಂಕಿನಲ್ಲಿ ನನ್ನ ಸಹಿ
ನನ್ನದಲ್ಲವಂತೆ.
ಎಂಬತ್ತೆಂಟನೇ ಇಸವಿಯ ಕಾರ್ಡು ತಿರುಗಿಸಿ ತೋರಿಸಿದ ಹುಡುಗ:
ಅಲ್ಲಿ ಶಾಂಭವಿ ನೆಟ್ಟಗೆ ನಿಂತಿದ್ದಾಳೆ,
ಇಲ್ಲಿ ಭಕಾರದ ಸೀಳು ಗಾಳಿಗೆ ಸಿಕ್ಕ ದಾರ.
'ಇನ್ನೊಂದ್ಸಲ ಹಾಕಿ, ಮೇಡಂ.'
ಹಾಕಿದೆ. ಅದೂ ಬೇರೆ ಯಾರದೋ.

ಅಕ್ಕನ ಮಗಳು ಎಲ್ಲೋ ಓದಿದ್ದಳು.
ಬಾಯಿ ತೆಗೆಸಿ, ಮೊಬೈಲಿನ ದೀಪ ಹಿಡಿದು ಎಣಿಸಿದಳು: ನಾಲ್ಕು.
'ಇದು ಬರೀ ಬೆಳ್ಳಿಯಲ್ಲ ಚಿಕ್ಕಮ್ಮ,
ಅರ್ಧಕ್ಕರ್ಧ ಪಾದರಸ.'

ಪಾದರಸ.
ಐದನೇ ಕ್ಲಾಸಿನ ರುಕ್ಮಾಬಾಯಿ ಮಿಸ್ಸು
ನನ್ನನ್ನು ಕರೆಯುತ್ತಿದ್ದುದೇ ಹಾಗೆ,
ಕೂತಲ್ಲಿ ಕೂರದ ಹುಡುಗಿ ಅಂತ.
ಅರ್ಧ ಬೈಗುಳ, ಅರ್ಧ ಹೊಗಳಿಕೆ.

ಅದರ ಗುಣ ಅಪ್ಪನಿಗೆ ಗೊತ್ತಿತ್ತು.
ಗಾಂಧಿಬಜಾರಿನ ಒಳಸಂದಿಯಲ್ಲಿ ಕೊಗ್ಗ ಶೇಟರ ಅಂಗಡಿ.
ಅಂಗಡಿಯೆಂದರೆ ಒಂದು ಮಣೆ, ಒಂದು ಅಗ್ಗಿಷ್ಟಿಕೆ.
ದೇವರ ಬೆಳ್ಳಿ ಕಿರೀಟ ಬಂದರೆ
ಚಿನ್ನವನ್ನು ರಸದಲ್ಲಿ ಅರೆದು ಬೆಣ್ಣೆ ಮಾಡಿ, ಬಳಿದು,
ಕೆಂಡದ ಮೇಲೆ ಹಿಡಿಯುತ್ತಿದ್ದರು.
ರಸ ಹಾರಿಹೋಗುತ್ತಿತ್ತು. ಚಿನ್ನ ಕೂರುತ್ತಿತ್ತು.
ಮುಲಾಮು ಅನ್ನುತ್ತಿದ್ದರು ಅದಕ್ಕೆ.
ಗಾಯಕ್ಕೆ ಹಚ್ಚುವುದಕ್ಕೂ ಅದೇ ಹೆಸರು;
ಎರಡೂ ಒಂದೇ ಅಂತ ಬಹಳ ದಿನ ನಂಬಿದ್ದೆ ನಾನು.
ಹಾರಿದ್ದು ಎಲ್ಲಿ ಹೋಗಿ ಕೂತಿತು
ಎಂದು ಯಾರೂ ಕೇಳಲಿಲ್ಲ.
ಅರವತ್ತಕ್ಕೆ, ಲೋಟ ತುಟಿ ಮುಟ್ಟುವಷ್ಟರಲ್ಲಿ
ಅರ್ಧ ಚಹಾ ಪಂಚೆಯ ಮೇಲೆ.
ವಯಸ್ಸು, ಅಂದೆವು.

ನನ್ನ ಹಲ್ಲು ಮೊದಲ ಸಲ ತುಂಬಿಸಿದ್ದು ಹನ್ನೊಂದಕ್ಕೆ.
ಡಾಕ್ಟರ್ ಸಾಲ್ಡಾನ, ಹೊಲಿಗೆ ಮಿಷನ್ನಿನಂತೆ ಕಾಲಲ್ಲಿ ತುಳಿದು ಕೊರೆದರು.
ಮನೆಗೆ ಬಂದರೆ ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಬಾಯೊಳಕ್ಕೆ ಬಗ್ಗಿದರು:
'ಕೆಲಸ ಒರಟು. ಮೂರು ಗುಲಗಂಜಿ ಬೆಳ್ಳಿ ಇದ್ದೀತು.
ಇಷ್ಟಕ್ಕೆ ಹದಿನೈದು ರೂಪಾಯಿ ತಗೊಂಡನೇ?'
ವಾರವಿಡೀ ಅದೇ ಕೊರಗು.

ದುರ್ಗಿಗುಡಿ, ಏಪ್ರಿಲ್ಲಿನ ಮಟಮಟ ಮಧ್ಯಾಹ್ನ.
ಡಾಕ್ಟರ್ ಶಬೀನಾ ಬಣ್ಣ ಹಚ್ಚಿ ಹೇಳಲಿಲ್ಲ:
'ಸುಮ್ಮನೆ ಬಿಟ್ಟರೆ ಸುಮ್ಮನಿರುತ್ತೆ.
ಕೊರೆದಾಗಲೇ ಆವಿ ಹೆಚ್ಚು ಏಳೋದು.
ನಿಮ್ಮ ಕೈನಡುಕಕ್ಕೂ ಇದಕ್ಕೂ ನಂಟಿದೆ ಅಂತ
ನಾನು ಬರೆದುಕೊಡಲಾರೆ.
ನರದ ಡಾಕ್ಟರನ್ನು ನೋಡಿದ್ರಾ?'
ನೋಡಿದ್ದೆ. ಅವರೂ ಏನೂ ಬರೆದುಕೊಟ್ಟಿರಲಿಲ್ಲ.
ತೆಗೆಯಿರಿ, ಅಂದೆ.

ಬಾಯಿಗೆ ನೀಲಿ ರಬ್ಬರಿನ ಪರದೆ,
ಮೂಗಿಗೆ ಬೇರೆ ಗಾಳಿ,
ಕಿವಿಯ ಬುಡದಲ್ಲಿ ಗೊರಗೊರ ಎಳೆಯುವ ಕೊಳವೆ.
ಇಷ್ಟೊಂದು ಕಾವಲು!
ಅಪ್ಪ ಬರೀ ಹೆಗಲ ಟವೆಲಲ್ಲಿ
ಮೂಗು ಒರೆಸಿಕೊಳ್ಳುತ್ತಿದ್ದರು.

ಮುಗಿದ ಮೇಲೆ ತೊದಲಿ ಕೇಳಿದೆ:
ಚೂರುಗಳನ್ನು ಕೊಡಿ, ತೂಗಬೇಕು.
ಸಣ್ಣ ತಕ್ಕಡಿ ಇದೆ ಮನೆಯಲ್ಲಿ,
ಡಬ್ಬಿ ತುಂಬ ಗುಲಗಂಜಿಯೂ.
ಆಕೆ ಬಾಟಲಿಯ ಮುಚ್ಚಳ ಬಿಗಿದಳು.
'ಕೊಡೋ ಹಾಗಿಲ್ಲ. ಇದಕ್ಕೆ ಬೇರೆ ಗಾಡಿ ಬರುತ್ತೆ.'
ಗಾಜಿನಾಚೆ ಕಪ್ಪು ರವೆ, ಒಂದು ಚಿಟಿಕೆ.
ಅಪ್ಪನ ಲೆಕ್ಕ ಸರಿಯೋ ತಪ್ಪೋ
ಹಾಗೇ ಉಳಿಯಿತು.

ಈಗ ಹಲ್ಲು ಬೆಳ್ಳಗಿದೆ, ಯಾರದೋ ಹಲ್ಲಿನಂತೆ.
ಸ್ಟೀಲ್ ಚಮಚ ತಾಗಿದರೆ ಚುರುಕ್ಕೆನ್ನುತ್ತಿದ್ದ
ಆ ಹುಳಿ ಕಿಡಿ ಇಲ್ಲ.
ಎರಡು ತಿಂಗಳಾಯಿತು. ಕೈ?
ಕೆಲವು ಬೆಳಿಗ್ಗೆ ಪರವಾಗಿಲ್ಲ ಅನಿಸುತ್ತದೆ.
ಅನಿಸುವುದನ್ನು ತೂಗುವ ತಕ್ಕಡಿ
ಅಪ್ಪನ ಪೆಟ್ಟಿಗೆಯಲ್ಲಿಲ್ಲ.

ನಿನ್ನೆ ಮತ್ತೆ ಬ್ಯಾಂಕಿಗೆ ಹೋಗಿ
ಕಾರ್ಡನ್ನೇ ಬದಲಾಯಿಸಿ ಅಂದೆ.
ಹೊಸ ಅರ್ಜಿ, ಮೂರು ಚೌಕ.
'ಮೂರೂ ಒಂದೇ ಥರ ಇರ್ಬೇಕು, ಮೇಡಂ.'
ನಡುಗುವುದನ್ನೇ ನಿಧಾನಕ್ಕೆ
ಮೂರು ಸಲ ಬರೆದೆ.
ಹುಡುಗ ಕಣ್ಣು ಕಿರಿದು ಮಾಡಿ ನೋಡಿದ,
ಭೂತಗನ್ನಡಿ ಒಂದಿಲ್ಲ ಅಷ್ಟೆ,
ಸೀಲು ಹೊಡೆದ.