ಅಳತೆ ಆಗಲಿಲ್ಲ ಅಕ್ಕಾ

ದಾದಾಪೀರ ಬೈಕು ನಿಲ್ಲಿಸುವುದರಲ್ಲೇ ಗೊತ್ತಾಗುತ್ತದೆ.
ಒಯ್ಯಲು ಬಂದರೆ ಎರಡು ಸಲ ಹಾರ್ನು,
ವಾಪಸ್ ತಂದರೆ ಸುಮ್ಮನೆ ಗೇಟಿನ ಚಿಲಕ,
ಸಾವಿನ ಮನೆಗೆ ಬಂದವನ ಹಾಗೆ.
'ರಿಟರ್ನ್ ಐತ್ರೀ' ಅನ್ನುತ್ತಾನೆ,
ತಾನೇ ತೊಟ್ಟು ಕೊಳೆ ಮಾಡಿದವನಂತೆ
ತಲೆ ತಗ್ಗಿಸಿ.

ನಿಟ್ಟುವಳ್ಳಿಯ ಒಂದೂವರೆ ಕೋಣೆಯಲ್ಲಿ
ಮಂಚದ ಕೆಳಗೆ ನನ್ನ ಅಂಗಡಿ.
ಮೊದಲು ಮಾರಿದ್ದು ನನ್ನವೇ, ಬಸುರಿಗೆ ಮುಂಚಿನ ಚೂಡಿದಾರಗಳು.
ನಾದಿನಿ ಒಂದೇ ಸಲ ಉಟ್ಟ ರಿಸೆಪ್ಷನ್ ಸೀರೆ.
ಆಮೇಲೆ ಓಣಿಯವರದು, ಆಮೇಲೆ ಅವರ ಬೀಗರದು.
ಬೆಳಗ್ಗೆ ಹತ್ತಕ್ಕೆ ಮಾಳಿಗೆಯ ನೀರಿನ ಟ್ಯಾಂಕಿಗೆ ಹೊದಿಸಿ
ಫೋಟೋ ತೆಗೆಯುತ್ತೇನೆ.
ಆ ಹೊತ್ತಿನ ಬಿಸಿಲಿಗೆ ಸುಳ್ಳು ಬರುವುದಿಲ್ಲ.
ಕೆಳಗೆ ಬರೆಯುತ್ತೇನೆ: ಕಲೆ ಎಲ್ಲಿ, ಜಿಪ್ಪು ಎಲ್ಲಿ ಹಿಡಿಯುತ್ತದೆ,
ಎದೆ ಎಷ್ಟು, ಸೊಂಟ ಎಷ್ಟು,
ಹೊಲಿಗೆ ಬಿಚ್ಚಿದರೆ ಒಳಗೆ ಎಷ್ಟು ಬಟ್ಟೆ ಉಳಿದಿದೆ.
ಕೊನೆಯಲ್ಲಿ, ಮಾರಿದ್ದು ವಾಪಸ್ ಇಲ್ಲ.
ಆದರೂ ತಗೊಳ್ಳುತ್ತೇನೆ.
ಸ್ಟಾರು ಕೆಳಗಿಳಿದರೆ
ಮಂಚದ ಕೆಳಗಿನ ಅಂಗಡಿಗೆ ಯಾರು ಬಗ್ಗುತ್ತಾರೆ?

ಬಣ್ಣ ಬೇರೆ ಅನ್ನುತ್ತಾರೆ. ಅವರ ಟ್ಯೂಬ್‌ಲೈಟು ಬೇರೆ.
ವಾಸನೆ ಅನ್ನುತ್ತಾರೆ. ಹಳೆಯದು ಅಂತ ಬರೆದಿದ್ದೆನಲ್ಲ, ತಾಯಿ.
ಗಂಗಾವತಿಯವಳೊಬ್ಬಳು ಮೂರೇ ದಿನಕ್ಕೆ ಕಳಿಸಿದಳು
ಮೆರೂನ್ ಸೀರೆ, 'ಮಡಿಕೆ ಕೂಡ ಬಿಚ್ಚಿಲ್ಲ' ಅಂತ.
ಎಡಭುಜದಲ್ಲಿ ಪಿನ್ನಿನ ತೂತು,
ನೆರಿಗೆಯೊಳಗೆ ನಾಲ್ಕು ಕಾಳು ಅಕ್ಷತೆ.
ಯಾರ ಮದುವೆಯೋ. ಊಟಕ್ಕೆ ಏನಿತ್ತೋ.
ಏಳುನೂರಾ ಐವತ್ತು ವಾಪಸ್ ಹಾಕಿದೆ.
ಅಕ್ಷತೆಯನ್ನು ಗುಬ್ಬಿಗಳು ತಿಂದವು,
ಅವು ಮಾತ್ರ ಏನೂ ತಕರಾರು ತೆಗೆಯಲಿಲ್ಲ.

ಮಾವ ಹತ್ತಿ ಮಿಲ್ಲಿನ ಫೋಲ್ಡಿಂಗ್ ಖಾತೆಯಲ್ಲಿದ್ದವರು.
ಮಿಲ್ಲಿನ ಸೈರನ್ನು ನಿಂತು ನನ್ನ ಗಂಡನ ವಯಸ್ಸಾಯಿತು,
ಬಟ್ಟೆ ಕಂಡರೆ ಈಗಲೂ ಅವರ ಕೈ ತಾನಾಗಿ ಏಳುತ್ತದೆ,
ಕಿಟಕಿಯ ಬೆಳಕಿಗೆ ಹಿಡಿಯುತ್ತದೆ.
'ಎಳಿ ಬಿಟ್ಟೈತೆ ನೋಡವಾ ಇಲ್ಲಿ.
ಇಂಥವಕ್ಕೆ ಸೆಕೆಂಡ್ಸ್ ಅಂತ ಮುದ್ರಿ ಹೊಡೆದು
ಚೌಕಿಪೇಟೆಗೆ ಕಳಿಸ್ತಿದ್ವಿ.
ಒಂದೂ ವಾಪಸ್ ಬಂದಿದ್ದು ನಾ ಕಾಣೆ.
ತೂತೂ ಸೇರಿಸೇ ಕೊಳ್ತಿದ್ರು ಆಗಿನ ಮಂದಿ.'

ಇವತ್ತು ದಾದಾಪೀರ ತಂದದ್ದು ಮೊಳಕಾಲ್ಮೂರಿನಿಂದ,
ನೀಲಿ ಕಾಟನ್ ಕುರ್ತಾ, ನಾನೂರಾ ಇಪ್ಪತ್ತರದು.
ಚೀಟಿಯಲ್ಲಿ: ಅಳತೆ ಆಗಲಿಲ್ಲ ಅಕ್ಕಾ. ಓಬಮ್ಮ.
ಇಷ್ಟೇ.

ಅದರ ಬಲಗಂಕುಳ ಕೆಳಗೆ ಒಂದು ತೂತಿತ್ತು,
ಶೇಂಗಾ ಬೀಜದಷ್ಟು.
ನನಗೆ ಗೊತ್ತಿತ್ತು.
ತೋಳನ್ನು ಮಡಚಿ ಫೋಟೋ ತೆಗೆದಿದ್ದೆ.
ಆ ದಿನ ಮೋಡ ಇತ್ತು ಅಂತ ಹೇಳಿಕೊಳ್ಳಬಹುದು.

ಈಗ ಹುಡುಕಿದರೆ ತೂತಿಲ್ಲ.
ಒಳಮಗ್ಗುಲು ತಿರುಗಿಸಿದೆ, ಇಲ್ಲ.
ಮಾವನ ಕೈಗೆ ಕೊಟ್ಟೆ.
ಅವರು ಕಿಟಕಿಗೆ ಹಿಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು,
ಬೆರಳ ತುದಿಯಿಂದ ಕುರುಡರ ಹಾಗೆ ಸವರಿ
'ಇಲ್ಲೈತಿ' ಅಂದರು ತುಂಬಾ ಹೊತ್ತಿಗೆ.
ನೀಲಿಗೆ ನೀಲಿ ಎಳೆ ಹುಡುಕಿ,
ಅಡ್ಡಕ್ಕೊಂದು ಉದ್ದಕ್ಕೊಂದು ದಾಟಿಸಿ
ತೂತಿನ ಮೇಲೆ ಹೊಸದಾಗಿ ನೇಯ್ದಿದ್ದಾಳೆ.
'ಮಗ್ಗ ಗೊತ್ತಿರೋ ಕೈಯಿದು' ಅಂದರು,
ಮಡಚಿ ಇಡುವುದನ್ನೇ ಮರೆತರು.

ಫೋನಿನಲ್ಲಿ ಏನೇನೋ ಬರೆದೆ, ಅಳಿಸಿದೆ.
ಕ್ಷಮಿಸಿ ಅಂತ ಬರೆದು ಅಳಿಸಿದೆ.
ಕೊನೆಗೆ ಕೇಳಿದ್ದು: ತೂತು ನೀವು ಹೊಲಿದಿರಾ?
ಅರ್ಧ ಗಂಟೆ ಬಿಟ್ಟು ಉತ್ತರ:
ಹೂಂ. ವಾಪಸ್ ಕಳಿಸೋದು ಇತ್ತಲ್ಲ,
ಹರಿದಿದ್ದನ್ನು ಹೆಂಗೆ ಕಳಿಸೋದು?

ನಾನೂರಾ ಇಪ್ಪತ್ತು, ಕೊರಿಯರಿನ ಎಂಬತ್ತು,
ಮೇಲೆ ಐವತ್ತು ಹಾಕಿದೆ.
ಐವತ್ತು ತಿರುಗಿ ಬಂತು,
ಲೆಕ್ಕ ತಪ್ಪಿದೆ ಅಕ್ಕಾ ಅಂತ.

ಮತ್ತೆ ಮಾರಬೇಕು ಇದನ್ನು.
ಎದೆ ಮೂವತ್ತಾರು, ಉದ್ದ ನಲವತ್ತೆರಡು.
ಬಲಗಂಕುಳ ಕೆಳಗೆ
ಅಂತ ಬರೆದು ಕೂತಿದ್ದೇನೆ,
ಮುಂದಿನ ಮಾತು ಸಿಕ್ಕಿಲ್ಲ.
ತೋಳು ಚಾಚಿ ಟ್ಯಾಂಕಿಗೆ ಹೊದಿಸಿ ಬಂದೆ,
ಇಳಿಸಿ ತಂದೆ.
ಫೋಟೋ ನಾಳೆ.
ಇವತ್ತು ನಿಜವಾಗಿಯೂ ಮೋಡ.