ಮೊದಲು ಬಗ್ಗಬೇಕು

ನಮ್ಮ ಕಿರ್ಗಿಜ್ ಮಾತಿನಲ್ಲಿ ಮೇಜು ಮೊದಲು ಬರುತ್ತದೆ,
ತಾಯ ಹಿಂದೆ ಕರು ಬಂದ ಹಾಗೆ ಆಮೇಲೆ ‘ಅಡಿಯಲ್ಲಿ’.
ಇಂಗ್ಲಿಷಿನಲ್ಲಿ ಹಾಗಲ್ಲ. ಮೊದಲು ಬಗ್ಗಬೇಕು,
ಯಾವುದರ ಅಡಿಗೆಂದು ಆಮೇಲೆ ಗೊತ್ತಾಗುತ್ತದೆ.

ಇಷ್ಟನ್ನು ಏಳನೇ ತರಗತಿಗೆ ಮೂರು ವಾರ ಹೇಳಿದೆ.
ಹಲಗೆಯ ಮೇಲೆ ಬುಟ್ಟಿ ಬಿಡಿಸಿ, ಬುಟ್ಟಿಯೊಳಗೆ ಬೆಕ್ಕು ಕೂರಿಸಿದೆ.
ಬೆಕ್ಕಿನ ಮೀಸೆ ಚೆನ್ನಾಗಿ ಬಂತು.
ಮಕ್ಕಳು ಮೀಸೆಯನ್ನಷ್ಟೇ ನಕಲು ಮಾಡಿಕೊಂಡರು.

ನಾಲ್ಕನೇ ವಾರ ಮನೆಯಿಂದ ಒಂದು ಚುಕೊ ತಂದೆ:
ಕುರಿಯ ಹಿಂಗಾಲಿನ ಕೀಲೆಲುಬು,
ನನ್ನ ತಮ್ಮ ಆಡಿ ಆಡಿ ನುಣುಪಾದದ್ದು,
ಒಂದು ಬದಿಗೆ ಕೆಂಪು ಬಣ್ಣ ಇನ್ನೂ ಉಳಿದಿದೆ.
ಆಟ ಇಷ್ಟೇ. ಒಬ್ಬರು ಬಚ್ಚಿಡಬೇಕು, ಉಳಿದವರು ಬಾಗಿಲಾಚೆ,
ನಾನು ಗೋಡೆಗೆ ಮುಖ ಮಾಡಿ.
ಬಂದವರು ಕೈಯಿಂದ ಹುಡುಕುವ ಹಾಗಿಲ್ಲ.
ಬಾಯಿಂದ ಹುಡುಕಬೇಕು.

ಎರ್ಮೆಕ್‌ನ ಸರದಿ ಬಂದಾಗ ಎಲ್ಲರೂ ಗೊಣಗಿದರು.
ಸೆಪ್ಟೆಂಬರಿನಿಂದ ಮಾರ್ಚಿನವರೆಗೆ
ಅವನ ಬಾಯಿಂದ ಒಂದು ಇಂಗ್ಲಿಷ್ ಮಾತು ಉದುರಿದ್ದಿಲ್ಲ.
ಹಾಜರಿಗೂ ಬೆರಳೆತ್ತುತ್ತಾನೆ.
‘ಬಚ್ಚಿಡೋಕೆ ಬಾಯಿ ಯಾಕೆ ಬೇಕು’ ಎಂದು
ಎಲ್ಲರನ್ನೂ ಆಚೆ ದಬ್ಬಿದೆ.

ಅದೇ ಹೊತ್ತಿಗೆ ಬರಬೇಕೆ ಜಿಲ್ಲೆಯ ಇನ್ಸ್‌ಪೆಕ್ಟರು,
ಶಾರ್ಶೆಂಬೆಕ್ ಅಗಾಯ್, ಬೂಟಿನ ಹಿಮ ಕೊಡವುತ್ತ.
ಬಿಳಿ ಕಲ್ಪಾಕ್ ತೆಗೆದು ಕಿಟಕಿಯ ಹಲಗೆ ಮೇಲಿಟ್ಟು
ಹಿಂದಿನ ಬೆಂಚಿನಲ್ಲಿ ಕೂತು ಪುಸ್ತಕ ಬಿಚ್ಚಿದರು.
ನಾನು ಗೋಡೆ ನೋಡುತ್ತಲೇ ನಮಸ್ಕಾರ ಹೇಳಿದೆ.
ನಿಯಮ ನಿಯಮವೇ.

ಬಾಗಿಲು ತೆರೆಯಿತು. ಹದಿನೇಳು ಬಾಯಿ.
ಒಲೆಯ ಹಿಂದೆಯೇ? ಇಲ್ಲ. ಕಲ್ಲಿದ್ದಲ ಬಕೆಟಿನಲ್ಲಿ? ಇಲ್ಲ.
ಮೇರಿಂ ಕೇಳಿದಳು, ಸಲ್ತನತ್ ತಿದ್ದಿದಳು,
ತಿದ್ದಿದ್ದನ್ನು ಹಿಂದಿನ ಸಾಲು ಮತ್ತೆ ತಿದ್ದಿತು.
ಇನ್, ಆನ್, ಅಂಡರ್, ಬಿಹೈಂಡ್,
ಕೊಠಡಿಯ ತುಂಬ ಕುರಿಮಂದೆಯ ಗದ್ದಲ.
ಎರ್ಮೆಕ್ ಎಲ್ಲಕ್ಕೂ ತಲೆ ಅಲ್ಲಾಡಿಸಿದ.
ನನಗೂ ತಡೆಯಲಾಗಲಿಲ್ಲ.
ಯಾರು ಕೂತಿದ್ದಾರೆಂಬುದು ಮರೆತು
ಮಂಡಿಯೂರಿ ಕಪಾಟಿನ ಅಡಿಗೆ ತೂರಿದೆ.
ಮೊದಲು ಬಗ್ಗಬೇಕು ಅಂದೆನಲ್ಲ.

ಗಂಟೆ ಹೊಡೆಯಿತು. ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು,
ಏನೂ ಹೇಳದೆ ಟೋಪಿಗೆ ಕೈ ಚಾಚಿದರು.
ಆಗ ಬೆಂಚು ಕಿರ್ರೆಂದಿತು, ಎರ್ಮೆಕ್ ಎದ್ದು ನಿಂತಿದ್ದ,
ಕಿವಿ ಚುಕೊಗಿಂತ ಕೆಂಪು.
‘ಸರ್,’ ಎಂದ. ‘ಇಟ್ ಈಸ್ ಇನ್ ಯುವರ್ ಹೆಡ್!’

ಹ್ಯಾಟ್ ಎನ್ನಬೇಕಿತ್ತು. ಹ್ಯಾಟ್ ಎಂದಿದ್ದರೂ
ಆ ಹೊತ್ತಿಗೆ ತಡವಾಗಿತ್ತು.
ಟೋಪಿ ಏರಿತು, ಎಲುಬು ಇಳಿಯಿತು,
ಬೋಳುನೆತ್ತಿಯ ಮೇಲೆ ಟಕ್ಕೆಂದು ಸದ್ದಾಯಿತು.

ಅಟ್‌ಬಾಶಿ, ಕುದುರೆತಲೆ ಎಂಬ ಹೆಸರಿನ ನಮ್ಮೂರಲ್ಲಿ
ಅಂಥ ಮೌನ ನಾನು ಕೇಳಿರಲಿಲ್ಲ.
ಆಮೇಲೆ ಮೇರಿಂ, ಮೆಲ್ಲಗೆ, ತಿದ್ದದೆ ಇರಲಾರದೆ:
‘ಆನ್.’
‘ಆನ್, ಆನ್’ ಎಂದಿತು ಹಿಂದಿನ ಸಾಲು.
‘ಇನ್!’ ಎಂದ ಎರ್ಮೆಕ್, ಇನ್ನೂ ನಿಂತೇ ಇದ್ದ,
‘ಇನ್, ಇನ್, ನಾನೇ ಇಟ್ಟದ್ದು!’

ಶಾರ್ಶೆಂಬೆಕ್ ಅಗಾಯ್ ಅಲುಗಾಡಲಿಲ್ಲ.
ಮೂವತ್ತು ವರ್ಷದಿಂದ ಇಂಗ್ಲಿಷ್ ತರಗತಿಗಳ ತಪಾಸಣೆ ಮಾಡಿದವರು
ಒಂದು ವಾಕ್ಯವನ್ನೂ ಆಡಿ ತೋರಿಸಿದವರಲ್ಲ.
ಕಣ್ಣು ಮೇಲೆತ್ತಿ, ಟೋಪಿಯ ಅಂಚು ಹಿಡಿದು,
ಬೆಟ್ಟದ ಜಾರುದಾರಿ ಇಳಿಯುವವರಂತೆ
ಒಂದೊಂದೇ ಮಾತು ಇಟ್ಟರು:
‘ಇಟ್… ಈಸ್… ಅಂಡರ್… ಮೈ ಹ್ಯಾಟ್.’

ವರದಿ ಏಪ್ರಿಲಿನಲ್ಲಿ ಬಂತು. ಗದ್ದಲ ಹೆಚ್ಚು, ಎಂದಿತ್ತು.
ಗೋಡೆಪಟಗಳು ಕಡಿಮೆ.
ಶಿಕ್ಷಕಿಯ ಸ್ಥಾನ: ಕಪಾಟಿನ ಕೆಳಗೆ.

ಚುಕೊ ಮಾತ್ರ ವಾಪಸು ಬಂದಿಲ್ಲ. ಕೇಳಲು ಸಂಕೋಚ.
ಅದು ಅವರ ಜೇಬಿನೊಳಗಿದೆಯೋ, ಮೇಜಿನ ಮೇಲಿದೆಯೋ,
ಎರ್ಮೆಕ್ ದಿನಾ ಒಂದು ಊಹೆ ತಂದು ಹೇಳುತ್ತಾನೆ,
ಇಂಗ್ಲಿಷಿನಲ್ಲಿ, ಹಾಜರಿ ಕರೆಯುವ ಮೊದಲೇ.